ಅಜ್ಜಿಯ ಅಂಚೆ: ಹಾಡು ಬಂದಾಗ ಎದ್ದು ನಿಲ್ಲುವ ಮಕ್ಕಳು

ಬೇಸಿಗೆ ರಜೆ ಶುರುವಾಗಿದೆ, ಹಾಗಾಗಿ ಈ ಸಲ ತುಮಕೂರಿನ ನಮ್ಮ ಮನೆಗೆ ಬಂದ ಕಾಗದಗಳಲ್ಲಿ ಮಕ್ಕಳ ಸಿನಿಮಾದ ವಿಚಾರವೇ ಜಾಸ್ತಿ. ನಾಲ್ಕಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ‘ಫ್ರೋಜನ್’ ಅನ್ನೋ ಹಿಮದ ರಾಣಿಯ ಕಾರ್ಟೂನ್ ಸಿನಿಮಾ ದಿನಾ ಬೇಕು. ಟವೆಲ್ ಹೊದ್ದುಕೊಂಡು, ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಹಾಡನ್ನು ಕೂಗುತ್ತಾಳೆ. ನಮ್ಮೆಜಮಾನರು ‘ಇದೇನು ಹುಚ್ಚು, ಬಿಡಿಸು’ ಅಂತಾರೆ. ಬಿಡಿಸಬೇಕಾ?
— ಒಬ್ಬ ತಾಯಿ, ತಿಪಟೂರು

ಉತ್ತರ: ಬಿಡಿಸಬೇಡಮ್ಮ. ನಮ್ಮ ಮನೆಯಲ್ಲೂ ಇದೇ ನಡೆದಿದೆ. ಆ ಹಾಡು ಶುರುವಾದರೆ ನನ್ನ ಮೊಮ್ಮಗಳು ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಾಳೆ. ನನ್ನ ಹಳೇ ನೀಲಿ ವಾಯಿಲ್ ಸೀರೆಯ ತುಂಡು ಬೆನ್ನ ಮೇಲೆ ಇಳಿಬಿದ್ದಿರುತ್ತದೆ. ರಾಣಿ ಕೈಗವಸು ಕಿತ್ತೆಸೆಯುವ ಕಡೆ ಇವಳೂ ಇಲ್ಲದ ಗವಸನ್ನು ಒಂದೊಂದೇ ಬೆರಳು ಬಿಡಿಸಿ ಎಳೆದು, ಅನ್ನದ ಕೈಯಲ್ಲೇ ಗಾಳಿಗೆ ಬೀಸಿ ಎಸೆಯುತ್ತಾಳೆ. ಮಾತು ಅವಳಿಗೂ ಅರ್ಥವಾಗಿಲ್ಲ. ಆದರೆ ಆ ರಾಣಿ ಇಷ್ಟು ದಿನ ಏನನ್ನೋ ಮುಚ್ಚಿಟ್ಟುಕೊಂಡು ಸಂಕಟಪಡುತ್ತಿದ್ದಳು, ಈಗ ಬಿಚ್ಚುತ್ತಿದ್ದಾಳೆ ಅನ್ನುವುದು ಪೂರ್ತಿ ಅರ್ಥವಾಗಿದೆ. ನಿನ್ನ ಮಗಳಿಗೂ ಆಗಿದೆ.

ನಮ್ಮಪ್ಪ ನಾಟಕದ ಮೇಷ್ಟ್ರು. ಗುಬ್ಬಿ, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುತ್ತಿದ್ದರು. ಲೆಗ್ ಹಾರ್ಮೋನಿಯಂ ಮುಂದೆ ಕೂತು, ಪಾತ್ರಧಾರಿಗಳಿಗೆ ಒಂದೇ ಮಾತು ಹೇಳುತ್ತಿದ್ದರು: ‘ರಂಗಕ್ಕೆ ಬಂದ ಮೇಲೆ ಮೊದಲನೇ ಹಾಡಿನಲ್ಲೇ ನಿನಗೇನು ಬೇಕು ಅಂತ ಜನಕ್ಕೆ ತಿಳೀಬೇಕು. ತಿಳೀದಿದ್ರೆ ಬೆಳಗಿನ ಜಾವದವರೆಗೂ ಯಾರು ಕೂರ್ತಾರೆ?’

ಹೊರದೇಶದ ಈ ಸಿನಿಮಾಗಳನ್ನು ಮೊಮ್ಮಗಳ ಜೊತೆ ನೋಡುವಾಗ ನನಗೆ ಅಪ್ಪನ ಮಾತೇ ನೆನಪಾಗುವುದು. 1989ರಲ್ಲಿ ಬಂದ ‘ದಿ ಲಿಟಲ್ ಮರ್ಮೇಡ್’ಗೆ ಹಾಡು ಬರೆದ ಹೋವರ್ಡ್ ಆಶ್‌ಮನ್ ಕೂಡ ನಾಟಕದಿಂದ ಬಂದವರೇ. ರಾಗ ಅಲನ್ ಮೆಂಕೆನ್ ಅವರದು. ಮೀನುಹುಡುಗಿ ತನಗೆ ನೆಲದ ಮೇಲಿನ ಬದುಕು ಬೇಕು ಅಂತ ಹಾಡುವ ಹಾಡೊಂದು ಅದರಲ್ಲಿದೆ. ಬಿಡುಗಡೆಗೆ ಮುಂಚೆ ಮಕ್ಕಳಿಗೆ ತೋರಿಸಿ ನೋಡಿದಾಗ, ಆ ಹಾಡಿನ ಹೊತ್ತಿಗೆ ಮಕ್ಕಳು ಮಿಸುಕಾಡಿದರಂತೆ. ಸ್ಟುಡಿಯೋದ ದೊಡ್ಡವರು ಹಾಡು ಕತ್ತರಿಸಿ ಅಂದರು. ಆಶ್‌ಮನ್ ಮತ್ತು ಚಿತ್ರ ಬರೆಯುತ್ತಿದ್ದವರು ಜಗಳವಾಡಿ ಉಳಿಸಿಕೊಂಡರು. ಆ ಹಾಡು ಹೋಗಿದ್ದರೆ ಆ ಹುಡುಗಿ ಬರೀ ಹಟಮಾರಿಯಾಗಿ ಉಳಿಯುತ್ತಿದ್ದಳು. ಆಶ್‌ಮನ್ 1991ರ ಮಾರ್ಚ್‌ನಲ್ಲಿ, ಇನ್ನೂ 40 ವರ್ಷಕ್ಕೇ, ಏಡ್ಸ್‌ನಿಂದ ತೀರಿಕೊಂಡರು. ಅದೇ ವರ್ಷದ ಕೊನೆಗೆ ಅವರ ಹಾಡುಗಳಿದ್ದ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಬಂತು. ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಗೆ ಸೇರಿದ ಮೊದಲ ಅನಿಮೇಷನ್ ಚಿತ್ರ ಅದು. ಪೂರ್ತಿ ಸಿನಿಮಾವನ್ನು ಅವರು ನೋಡಲಾಗಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿನ್ನ ಮಗಳ ಹಿಮದ ರಾಣಿಯ ಕಥೆಯೂ ಹೀಗೇ. 2013ರ ಆ ಚಿತ್ರಕ್ಕೆ ಮೊದಮೊದಲು ಅವಳನ್ನು ಕೆಟ್ಟವಳು ಅಂತಲೇ ಬರೆದಿದ್ದರು. ಕ್ರಿಸ್ಟನ್ ಆಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ಅನ್ನುವ ಗಂಡ ಹೆಂಡತಿ ಸೇರಿ ಈ ಹಾಡು ಮಾಡಿಕೊಟ್ಟ ಮೇಲೆ, ಹೀಗೆ ಹಾಡುವವಳು ಕೆಟ್ಟವಳಾಗಿರಲು ಆಗುವುದಿಲ್ಲ ಅನ್ನಿಸಿ ಕಥೆಯನ್ನೇ ತಿರುಗಿಸಿ ಬರೆದರು. ಒಂದು ಹಾಡು ಅಷ್ಟು ದೊಡ್ಡವರ ಮನಸ್ಸನ್ನೇ ತಿರುಗಿಸಿದ ಮೇಲೆ ಆರು ವರ್ಷದ ಮಗು ಎದ್ದು ನಿಲ್ಲುವುದರಲ್ಲಿ ತಪ್ಪೇನಿದೆ?

ನಿಮ್ಮ ಯಜಮಾನರಿಗೆ ಇಂಗ್ಲಿಷ್ ಬೇಜಾರಾಗಿದ್ದರೆ ಅದಕ್ಕೂ ದಾರಿ ಇದೆ. ನಮ್ಮ ಕಂಪನಿ ನಾಟಕದವರು ಮರಾಠಿ, ಪಾರ್ಸಿ ನಾಟಕದ ಮಟ್ಟುಗಳನ್ನು ತಂದು ಕನ್ನಡದ ಪದ ಕೂರಿಸಿ ಹಾಡಿಸಿದವರು. ನಾನೂ ಮೊಮ್ಮಗಳೂ ಒಂದು ಮಧ್ಯಾಹ್ನ ಅದನ್ನೇ ಮಾಡಿದೆವು. ‘ಲೆಟ್ ಇಟ್ ಗೋ’ ಅನ್ನುವ ಪಲ್ಲವಿಗೆ ಮೂರೇ ಅಕ್ಷರ ಬೇಕು, ಕೊನೆಯದು ಎಳೆಯಲು ಬರಬೇಕು. ನಾನು ‘ಬಿಟ್ಟುಬಿಡು’ ಅಂದೆ. ನಾಲ್ಕಾಯಿತು, ಗಂಟಲೂ ತೆರೆಯಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೋಗಲೀ’ ಅಂದಳು. ಮಟ್ಟಿಗೆ ಸರಿಯಾಗಿ ಕೂತಿತು. ಈಗ ಓಣಿಯ ಮಕ್ಕಳೆಲ್ಲ ಹಾಗೇ ಹಾಡುತ್ತಾರೆ. ಮುಂದಿನ ಸಾಲುಗಳನ್ನು ನಿನ್ನ ಮಗಳ ಕೈಲೇ ಕಟ್ಟಿಸಮ್ಮ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ‘ಸ್ನೋ ವೈಟ್’ ಹಾಕಿದೆ. ಮಾಟಗಾತಿ ಮುದುಕಿ ಬಂದಾಗ ಕಿರುಚಿಕೊಂಡ, ತಕ್ಷಣ ಆಫ್ ಮಾಡಿದೆ. ಈಗ ರಾತ್ರಿ ಬಚ್ಚಲಮನೆಗೆ ಒಬ್ಬನೇ ಹೋಗಲ್ಲ. ಇಂಥದ್ದನ್ನು ಮನೆಮಂದಿ ನೋಡುವ ಸಿನಿಮಾ ಅಂತ ಹೇಗೆ ಕರೀತಾರೆ?
— ಒಬ್ಬ ತಂದೆ, ಚಿಂತಾಮಣಿ

ಉತ್ತರ: 1937ರ ಆ ಚಿತ್ರದಲ್ಲಿ ಕಾಡಿನ ಮರಗಳೇ ಕೈ ಚಾಚುತ್ತವೆ, ರಾಣಿ ಕಣ್ಣೆದುರಿಗೇ ಮುದುಕಿಯಾಗುತ್ತಾಳೆ. ನಾಲ್ಕು ವರ್ಷಕ್ಕೆ ಅದು ಬೇಗ ಆಯಿತಪ್ಪ, ಇನ್ನೆರಡು ವರ್ಷ ಕಾಯಬಹುದಿತ್ತು. ಆದರೆ ನಡುವೆ ಆಫ್ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು ಅನ್ನಿಸುತ್ತದೆ. ಆ ಮುದುಕಿ ಕೊನೆಗೆ ಬಂಡೆಯಿಂದ ಬಿದ್ದು ಹೋಗುತ್ತಾಳೆ. ನಿಮ್ಮ ಮಗ ಅದನ್ನು ನೋಡಿಲ್ಲ. ಅವನ ಪಾಲಿಗೆ ಅವಳು ಇನ್ನೂ ಓಡಾಡಿಕೊಂಡೇ ಇದ್ದಾಳೆ.

ನನಗೆ ಐದು ವರ್ಷವಿದ್ದಾಗ ಕುರುಕ್ಷೇತ್ರದ ಭೀಮನನ್ನು ನೋಡಿ ಜ್ವರ ಬಂದಿತ್ತು. ಅಪ್ಪ ಮಾರನೇ ಸಲ ನನ್ನನ್ನು ಎತ್ತಿಕೊಂಡು ಸೀನರಿಯ ಹಿಂದಕ್ಕೆ ಹೋದರು. ಭೀಮ ಗದೆಯನ್ನು ಗೋಡೆಗೆ ಒರಗಿಸಿ ಟ್ರಂಕಿನ ಮೇಲೆ ಕೂತಿದ್ದ. ಅಂಟಿಸಿದ ಮೀಸೆ ನೆನೆಯಬಾರದು ಅಂತ ಒಂದು ಬೆರಳಿನಿಂದ ಅದನ್ನು ಮೇಲಕ್ಕೆತ್ತಿ ಹಿಡಿದು, ಬಸಿಯಲ್ಲಿ ಟೀ ಕುಡಿಯುತ್ತಿದ್ದ. ನನಗೂ ಒಂದು ಗುಟುಕು ಕೊಟ್ಟ. ಹಗಲು ಹೊತ್ತಿನಲ್ಲಿ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಒಂದು ಹಾಳೆ, ಪೆನ್ಸಿಲ್ ಕೊಡಿ. ಆ ಮುದುಕಿಯ ಮೂಗನ್ನು ನೀವು ಬರೆಯಿರಿ, ಉಳಿದಿದ್ದನ್ನು ಅವನು ಬರೆಯಲಿ. ಇವಳನ್ನು ಯಾರೋ ಹೀಗೇ ಕೂತು ಬರೆದಿದ್ದಾರೆ ಅಂತ ಹೇಳಿ. ಅವನೇ ಕೇಳಿದ ದಿನ ಕೊನೆಯ ಭಾಗ ತೋರಿಸಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮೂಲ ಕಥೆಯಲ್ಲಿ ಮೀನುಹುಡುಗಿಗೆ ರಾಜಕುಮಾರ ಸಿಗುವುದೇ ಇಲ್ಲ. ಸಿನಿಮಾದಲ್ಲಿ ಮದುವೆ ಮಾಡಿಸಿಬಿಟ್ಟಿದ್ದಾರೆ. ಇದು ಮಕ್ಕಳಿಗೆ ಸುಳ್ಳು ಹೇಳಿದಂತಲ್ಲವೇ?
— ಓದುಗರು, ಕೋಲಾರ

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ಅರ್ಧ ನನ್ನದೂ ಹೌದು. ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಬರೆದ ಕಥೆಯಲ್ಲಿ ಅವಳ ನಾಲಗೆಯನ್ನೇ ಕತ್ತರಿಸುತ್ತಾರೆ, ಹೊಸ ಕಾಲಿನಲ್ಲಿ ಇಡುವ ಒಂದೊಂದು ಹೆಜ್ಜೆಯೂ ಚೂರಿ ತುಳಿದ ಹಾಗೆ. ರಾಜಕುಮಾರನನ್ನು ಕೊಂದರೆ ಬದುಕುತ್ತೀಯ ಅಂದರೂ ಕೊಲ್ಲದೆ ನೊರೆಯಾಗಿ, ಗಾಳಿಯ ಮಗಳಾಗುತ್ತಾಳೆ. ಆರು ವರ್ಷದವರಿಗೆ ಸಿನಿಮಾ ಸಾಕು. ಹತ್ತಾದ ಮೇಲೆ ಆ ಕಥೆಯನ್ನು ತರಗತಿಯಲ್ಲಿ ನೀವೇ ಓದಿ ಹೇಳಿ. ನಮ್ಮ ಮಕ್ಕಳಿಗೆ ಇದನ್ನು ತಡೆಯುವ ಶಕ್ತಿ ಇದೆ. ಗೋವಿನ ಹಾಡಿನ ಹುಲಿ ಕೊನೆಗೆ ಹಾರಿ ಪ್ರಾಣ ಬಿಡುವುದನ್ನು ತಲೆಮಾರುಗಳಿಂದ ಎರಡನೇ, ಮೂರನೇ ಕ್ಲಾಸಿನಲ್ಲೇ ಹಾಡಿ, ಅತ್ತು, ಮತ್ತೆ ಹಾಡಿ ಅಂದವರಲ್ಲವೇ ನಾವು.

ಪ್ರಶ್ನೆ: ಮೊಮ್ಮಕ್ಕಳು ರಜೆಗೆ ಬರುತ್ತಿದ್ದಾರೆ. ಕನ್ನಡದಲ್ಲಿ ಜೊತೆಗೆ ಕೂತು ನೋಡುವಂಥದ್ದು ಏನಿದೆ?
— ಒಬ್ಬ ಅಜ್ಜ, ಕುಣಿಗಲ್

ಉತ್ತರ: ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ತಡೆದಾಗ ಮಕ್ಕಳ ಚಿತ್ರಗಳೂ ಅದರಲ್ಲೇ ಕೊಚ್ಚಿಹೋದವು, ಆ ನೋವು ನನಗಿದೆ. ಆದರೂ ಕೈ ಬರಿದಾಗಿಲ್ಲ ಯಜಮಾನರೇ. ಹಾಡು ಬೇಕಾದರೆ 1993ರ ‘ಚಿನ್ನಾರಿ ಮುತ್ತ’: ನಾಗಾಭರಣ ಅವರ ನಿರ್ದೇಶನ, ಎಚ್.ಎಸ್. ವೆಂಕಟೇಶಮೂರ್ತಿಯವರ ಪದ, ಸಿ. ಅಶ್ವತ್ಥ್ ಅವರ ರಾಗ. ಹುಡುಗರು ಮೊದಲ ದಿನವೇ ಗುನುಗುತ್ತಾರೆ.

ಆಮೇಲೆ 1985ರ ‘ಬೆಟ್ಟದ ಹೂವು’. ಪುನೀತ್‌ಗೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಹುಡುಗ ಕಾಡಿನ ಹೂವು ತಂದುಕೊಟ್ಟು, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು ಅಂತ ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಅಲ್ಲಿಗೆ ಬಂದಾಗ ನನ್ನ ಮೊಮ್ಮಗಳು ನೀಲಿ ಸೀರೆಯ ತುಂಡನ್ನು ಮುಖಕ್ಕೆ ಒತ್ತಿಕೊಂಡು, ‘ಅಜ್ಜಿ, ಹಂಗಾದ್ರೆ ಪುಸ್ತಕ?’ ಅಂದಳು. ನಮ್ಮ ಮನೆಯ ಕಪಾಟಿನಲ್ಲಿರುವ ಪ್ರತಿಯನ್ನು ತೆಗೆದು ಅವಳ ತೊಡೆ ಮೇಲಿಟ್ಟೆ. ಭಾರಕ್ಕೆ ಎರಡೂ ಕೈ ಕೊಟ್ಟು ಹಿಡಿದುಕೊಂಡಳು.