ಅಪ್ಪನ ಕೆಲಸವನ್ನು ಬಿಟ್ಟು ಬರೆಯಬೇಡಿ

ಧಾರವಾಡದ ಓದುಗರೊಬ್ಬರ ಪತ್ರ: "ನಮ್ಮ ತಂದೆ ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದರು. ನಿವೃತ್ತಿಯಾದ ಮೇಲೆ ಕೈತೋಟ, ಮೊಮ್ಮಕ್ಕಳು ಅಂತ ಸಂತೋಷವಾಗಿದ್ದರು. ಹೋದ ವರ್ಷ ತೀರಿಕೊಂಡರು. ವರ್ಷಾಬ್ದಿಕಕ್ಕೆ ಅವರ ನೆನಪಿನ ಪುಸ್ತಕ ತರುತ್ತಿದ್ದೇವೆ. 'ಆ ಕೆಮಿಸ್ಟ್ರಿ ಯಾರಿಗೆ ಅರ್ಥವಾಗುತ್ತೆ, ಒಳ್ಳೆಯ ಅಪ್ಪ ಆಗಿದ್ರು ಅಂತ ಬರೆದರೆ ಸಾಕು' ಅನ್ನುತ್ತಾನೆ ತಮ್ಮ. ನೀವೇನಂತೀರಿ?"

ಪ್ರಿಯ ಓದುಗರೇ,

ಕೆಲಸವನ್ನು ಬಿಡಬೇಡಿ. ನಿಮ್ಮ ತಮ್ಮನ ಮಾತಿನಲ್ಲಿ ಪ್ರೀತಿ ಇದೆ, ಗೊತ್ತು. ಆದರೆ 'ಒಳ್ಳೆಯ ಅಪ್ಪ' ಅನ್ನುವ ಮಾತನ್ನು ಎಷ್ಟೋ ಜನರ ಬಗ್ಗೆ ಹೇಳಬಹುದು. ಓದಿದವರ ಕಣ್ಣ ಮುಂದೆ ನಿಮ್ಮ ತಂದೆಯೇ ಬಂದು ನಿಲ್ಲಬೇಕಾದರೆ, ಅವರು ಬೆಳಿಗ್ಗೆ ಮನೆಯಿಂದ ಹೊರಟು ಎಲ್ಲಿಗೆ ಹೋಗುತ್ತಿದ್ದರು, ಅಲ್ಲಿ ಕೈಯಲ್ಲಿ ಏನು ಹಿಡಿಯುತ್ತಿದ್ದರು ಅನ್ನುವುದೂ ಬೇಕು.

ಇದನ್ನು ಯೋಚಿಸುವಾಗ ನನಗೆ ನೆನಪಾಗುವವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್. ನಿಮ್ಮ ತಂದೆಗೆ ಈ ಹೆಸರು ಚೆನ್ನಾಗಿಯೇ ಗೊತ್ತಿದ್ದಿರಬೇಕು. ಹುಟ್ಟಿದ್ದು 1918ರಲ್ಲಿ, ತೀರಿಕೊಂಡಿದ್ದು 2013ರಲ್ಲಿ. ರಸಾಯನಶಾಸ್ತ್ರದ ನೊಬೆಲ್ ಎರಡು ಸಲ ಬಂತು, 1958ರಲ್ಲಿ ಮತ್ತು 1980ರಲ್ಲಿ. ಆದರೂ ತಮ್ಮನ್ನು ಲ್ಯಾಬಿನಲ್ಲಿ ಕೈಯಾಡಿಸುತ್ತಿದ್ದ ಒಬ್ಬ ಮನುಷ್ಯ ಅಂತಲೇ ಹೇಳಿಕೊಂಡರು. ಯೋಚನೆ ಮಾಡುವುದು, ಮಾತಾಡುವುದು, ಕೆಲಸ ಮಾಡುವುದು, ಈ ಮೂರರಲ್ಲಿ ಅವರಿಗೆ ಇಷ್ಟವಾಗಿದ್ದು ಕೊನೆಯದೇ. ಮಾತು ತಮಗೆ ಅಷ್ಟಾಗಿ ಬರುವುದಿಲ್ಲ ಅನ್ನುತ್ತಿದ್ದರು.

ಅವರ ಕೆಲಸವನ್ನು ಸಾಮಾನ್ಯರಿಗೆ ಹೇಳಲಾಗದು ಅನ್ನುತ್ತೀರಾ? ನೋಡಿ, ಹೇಳುತ್ತೇನೆ. ಪ್ರೋಟೀನ್ ಅನ್ನುವುದು ಅಮೈನೋ ಆಮ್ಲಗಳನ್ನು ಪೋಣಿಸಿದ ಮಣಿಸರ. ಮಣಿಗಳು ಇಂಥದ್ದೇ ಸಾಲಿನಲ್ಲಿ ಇರುತ್ತವೆಯೇ? 1940ರ ದಶಕದಲ್ಲಿ ಅದು ಯಾರಿಗೂ ಖಚಿತವಿರಲಿಲ್ಲ. ನಿಶ್ಚಿತ ಸಾಲೇ ಇಲ್ಲ ಅಂದುಕೊಂಡವರೂ ಇದ್ದರು. ಸ್ಯಾಂಗರ್ ಹಸುವಿನ ಇನ್ಸುಲಿನ್ ತೆಗೆದುಕೊಂಡರು, ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ ಕೂಡ ಒಂದು ಪ್ರೋಟೀನೇ. ಕಾರಣ ಸರಳ, ಅದು ಶುದ್ಧವಾಗಿ ಅಂಗಡಿಯಲ್ಲೇ ಸಿಗುತ್ತಿತ್ತು. ಸರದ ತುದಿಯ ಮಣಿಗೆ ಹಳದಿ ಬಣ್ಣ ಕೊಡುವ ಒಂದು ರಾಸಾಯನಿಕ ಅಂಟಿಸಿದರು. ಆಮ್ಲದಲ್ಲಿ ಸರವನ್ನು ಒಡೆದರು. ಹಳದಿಯಾಗಿರುವ ಮಣಿ ಯಾವುದು ಅಂತ ನೋಡಿದರು. ಆಮೇಲೆ ಸರವನ್ನು ಅರೆಬರೆ ಒಡೆದು, ಸಿಕ್ಕ ತುಂಡುಗಳನ್ನು ಫಿಲ್ಟರ್ ಕಾಗದದ ಮೇಲೆ ಬೇರ್ಪಡಿಸಿ, ಯಾವ ತುಂಡಿನ ಕೊನೆ ಯಾವುದರ ಮೊದಲಿಗೆ ಹೊಂದುತ್ತದೆ ಅಂತ ಕೂಡಿಸುತ್ತಾ ಹೋದರು. ಇನ್ಸುಲಿನ್ನಿನಲ್ಲಿ ಇದ್ದದ್ದು ಎರಡು ಸರ, ಒಂದರಲ್ಲಿ 30, ಇನ್ನೊಂದರಲ್ಲಿ 21, ಒಟ್ಟು 51 ಅಮೈನೋ ಆಮ್ಲಗಳು. ಇಷ್ಟಕ್ಕೆ ಸುಮಾರು 10 ವರ್ಷ ಹಿಡಿಯಿತು. ಪ್ರತಿ ಪ್ರೋಟೀನಿಗೂ ಅದರದ್ದೇ ಆದ ನಿಶ್ಚಿತ ಸಾಲು ಇದೆ ಅಂತ ಅದರಿಂದ ಗೊತ್ತಾಯಿತು. ಅವರು ಬಳಸಿದ ಹಳದಿ ರಾಸಾಯನಿಕವನ್ನು ಇವತ್ತಿಗೂ ಸ್ಯಾಂಗರ್ ರಿಯೇಜೆಂಟ್ ಅಂತಲೇ ಕರೆಯುತ್ತಾರೆ. ನಿಮ್ಮ ತಮ್ಮನಿಗೆ ಇಷ್ಟನ್ನು ಓದಿಸಿ ನೋಡಿ, ಅರ್ಥವಾಗದೇ ಇರುವುದಿಲ್ಲ.

ಮುಂದೆ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಜ್ಕಿನ್ ಅವರ ತಂಡ ಇನ್ಸುಲಿನ್ನಿನ ಮೂರು ಆಯಾಮದ ರಚನೆಯನ್ನು ಕಂಡುಕೊಂಡಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನ್ ರಚನೆಯ ಅಧ್ಯಯನವನ್ನು ಇಲ್ಲಿ ಬೆಳೆಸಿದರು. ಒಂದು ಕೆಲಸ ಹೀಗೆ ಕೈಯಿಂದ ಕೈಗೆ ಬರುತ್ತದೆ.

ಇನ್ಸುಲಿನ್ ಮುಗಿದ ಮೇಲೆ ಹಲವು ವರ್ಷ ಸ್ಯಾಂಗರ್ ಅವರಿಂದ ದೊಡ್ಡ ಫಲಿತಾಂಶ ಬರಲಿಲ್ಲ. ಇವತ್ತಿನ ವಿಜ್ಞಾನ ಲೋಕದಲ್ಲಿ ಇಂಥವರು ಉಳಿಯುತ್ತಿರಲಿಲ್ಲ, ಯಾವುದೋ ಸಮಿತಿ ಆ ಖಾಲಿ ವರ್ಷಗಳನ್ನು ಎತ್ತಿ ತೋರಿಸುತ್ತಿತ್ತು ಅಂತ ಅವರ ಜೊತೆಗಾರ ಸಿಡ್ನಿ ಬ್ರೆನರ್ ಆಮೇಲೆ ಬರೆದರು. ಆ ಖಾಲಿ ವರ್ಷಗಳ ಆಚೆಗೇ ಡಿಎನ್‌ಎ ಓದುವ ವಿಧಾನ ಇತ್ತು. 1977ರಲ್ಲಿ ಅದು ಬಂತು. ಮನುಷ್ಯನ ಜೀನೋಮ್, ಅಂದರೆ ನಮ್ಮ ಇಡೀ ಡಿಎನ್‌ಎ, ಓದಿದ್ದು ಅದೇ ವಿಧಾನದಿಂದ. ನಿಮ್ಮ ತಂದೆಯ ಕೆಲಸದಲ್ಲೂ ಏನೂ ಕೈಗೂಡದ ವರ್ಷಗಳು ಇದ್ದಿರುತ್ತವೆ. ಸಂಶೋಧನೆಯಲ್ಲಿ ಅಂಥವೇ ಜಾಸ್ತಿ. ಅವನ್ನೂ ಬರೆಯಿರಿ. ಆ ದಿನಗಳಲ್ಲಿ ಮನೆಗೆ ಬಂದಾಗ ಅವರು ಹೇಗಿರುತ್ತಿದ್ದರು ಅಂತ ನಿಮ್ಮ ತಾಯಿಗೆ ನೆನಪಿದ್ದರೆ, ಅದಕ್ಕಿಂತ ಒಳ್ಳೆಯ ಪುಟ ನಿಮಗೆ ಸಿಗಲಾರದು.

ಮನೆಯ ವಿಷಯಕ್ಕೆ ಬರುತ್ತೇನೆ. ಸ್ಯಾಂಗರ್ ಓದುತ್ತಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕ್ಯಾನ್ಸರ್ ತೆಗೆದುಕೊಂಡು ಹೋಯಿತು. 1940ರಲ್ಲಿ, ಯುದ್ಧದ ನಡುವೆ, ಜೋನ್ ಹೌ ಅವರನ್ನು ಮದುವೆಯಾದರು. ಇಬ್ಬರೂ ಯುದ್ಧ ಬೇಡ ಅನ್ನುವವರು. ಸ್ಯಾಂಗರ್ ಬೆಳೆದದ್ದು ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಯಲ್ಲಿ, ಬಂದೂಕು ಹಿಡಿಯುವುದಿಲ್ಲ ಅಂತ ಸರ್ಕಾರಕ್ಕೆ ಹೇಳಿ ವಿನಾಯಿತಿ ಪಡೆದಿದ್ದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಜೋನ್ ವಿಜ್ಞಾನಿಯಲ್ಲ. ಆದರೆ ನೆಮ್ಮದಿಯ ಮನೆ ಕೊಟ್ಟು ತಮ್ಮ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ನೆರವಾದವರು ಅವರೇ ಅಂತ ನೊಬೆಲ್ ಸಂದರ್ಭದ ಸ್ಯಾಂಗರ್ ಪರಿಚಯ ಬರಹದಲ್ಲಿ ದಾಖಲಾಗಿದೆ. ನೊಬೆಲ್ ಪಡೆದವರ ಪರಿಚಯದಲ್ಲಿ ಹೆಂಡತಿಯ ಬಗ್ಗೆ ಇಷ್ಟು ನೇರವಾದ ಮಾತು ಕಂಡಾಗ ನನಗೆ ಬಹಳ ಸಮಾಧಾನವಾಯಿತು. ನಿಮ್ಮ ಪುಸ್ತಕದಲ್ಲಿ ತಾಯಿಗೂ ಅಂಥ ಜಾಗ ಇರಲಿ.

1983ರಲ್ಲಿ, 65ನೇ ವಯಸ್ಸಿಗೆ, ಸ್ಯಾಂಗರ್ ಕೆಲಸ ನಿಲ್ಲಿಸಿದರು. ಸಲಹೆಗಾರ ಆಗಲಿಲ್ಲ, ಲ್ಯಾಬಿನಲ್ಲಿ ಒಂದು ಮೇಜು ಇಟ್ಟುಕೊಳ್ಳಲಿಲ್ಲ. ಅಂದುಕೊಂಡ ಕೆಲಸ ಆಗಿತ್ತು, ಇನ್ನೂ ಕೂತರೆ ಯಾರೋ ಚಿಕ್ಕವರ ಜಾಗ ಹಿಡಿದಂತಾಗುತ್ತದೆ ಅನ್ನುವುದು ಅವರ ಭಾವನೆ. ಕೇಂಬ್ರಿಜ್ ಹತ್ತಿರದ ಸ್ವಾಫಮ್ ಬಲ್ಬೆಕ್ ಎಂಬ ಹಳ್ಳಿಯ ಮನೆಯಲ್ಲಿ ತೋಟ ಮಾಡಿಕೊಂಡಿದ್ದರು. ಎಲ್ಲರೂ 'ಸರ್' ಅಂತ ಕರೆಯುವುದು ಬೇಡ ಅಂತ ನೈಟ್ ಪದವಿಯನ್ನು ಒಪ್ಪಿರಲಿಲ್ಲ. 2012ರಲ್ಲಿ ಜೋನ್ ತೀರಿಕೊಂಡರು, ಮರುವರ್ಷ ಇವರು. ತೋಟ ಮಾಡಿದವರೂ, ಹಳದಿ ಮಣಿ ಹುಡುಕಿದವರೂ ಒಬ್ಬರೇ ಅಲ್ವಾ? ಎರಡೂ ಕೈಯಿಂದ, ತಾಳ್ಮೆಯಿಂದ, ಸದ್ದಿಲ್ಲದೆ ಮಾಡುವ ಕೆಲಸ. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ತಿ ಕಾಣುವುದಿಲ್ಲ.

ಈಗ ನೀವು ಮಾಡಬೇಕಾದ್ದು. ತಂದೆಯ ಜೊತೆ ಕೆಲಸ ಮಾಡಿದವರಲ್ಲಿ ಈಗಲೂ ಇರುವವರನ್ನು ಈ ತಿಂಗಳೇ ಹೋಗಿ ಮಾತಾಡಿಸಿ. ಅವರಿಗೂ ವಯಸ್ಸಾಗಿರುತ್ತದೆ. 'ಅಪ್ಪ ಹೇಗಿದ್ದರು' ಅಂತ ಸುಮ್ನೆ ಕೇಳಬೇಡಿ, 'ಒಳ್ಳೆಯವರು' ಅಂದು ನಿಲ್ಲಿಸಿಬಿಡುತ್ತಾರೆ. ಯಾವ ಔಷಧದ ಮೇಲೆ ಕೆಲಸ ನಡೆಯುತ್ತಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡಿತ್ತು, ಅದನ್ನು ಬಿಡಿಸಿದ್ದು ಹೇಗೆ ಅಂತ ಕೇಳಿ. ಅವರ ಹಳೆಯ ನೋಟ್‌ಬುಕ್ಕುಗಳು ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬರೆದ ಪುಟಗಳನ್ನು ತಮ್ಮನಿಗೆ ಕೊಡಿ, ಅರ್ಥವಾಗದ ಸಾಲಿಗೆ ಅವರು ಗೆರೆ ಹಾಕಲಿ, ಅಷ್ಟನ್ನು ಮಾತ್ರ ಇನ್ನೊಮ್ಮೆ ಬರೆಯಿರಿ. ಪುಸ್ತಕ ಬಂದ ಮೇಲೆ ಒಂದು ಪ್ರತಿ ನಮಗೂ ಕಳಿಸಿ.

— ಸಂಪಾದಕ