ಪದರ ಗಾಜಿನ ಉಡುಗೊರೆ: ದೇವರ ಮುಖಕ್ಕಿಂತ ಚಿಹ್ನೆ ವಾಸಿ

ಹೊಸನಗರದ ಜೈನ ಗೆಳೆಯರ ಗೃಹಪ್ರವೇಶಕ್ಕೆ ಕೈಯಲ್ಲಿ ಮಾಡಿದ ಪದರ ಗಾಜಿನ ಚಿತ್ರ (ಒಂದರ ಮೇಲೊಂದು ಗಾಜಿಟ್ಟು ಮಾಡುವಂಥದ್ದು) ಕೊಡಬೇಕು, ಜೈನ ಕ್ಷೇತ್ರ ಹೊಂಬುಜದ ದೇವಿ ಪದ್ಮಾವತಿ ಅಮ್ಮನವರ ರೂಪ ಸರಿಯಾ ಅಂತ ಕೇಳಿದ್ದೀರಿ. ಉಡುಗೊರೆ ಚೆನ್ನಾಗಿದೆ. ಆದರೆ ದೇವರ ಮುಖ ಕೊಟ್ಟರೆ ಹಾಲ್‌ನಲ್ಲಿ ಇಡೋದಾ, ಪೂಜೆ ಕೋಣೆಯಲ್ಲಿ ಇಡೋದಾ ಅನ್ನುವ ಗೊಂದಲ ಮನೆಯವರಿಗೆ ಬರುತ್ತದೆ.

ಜೈನರ ಸ್ವಸ್ತಿಕ ಮಾಡಿಸಿ. ಅದರ ನಾಲ್ಕು ತೋಳು ಅಂದರೆ ದೇವ, ಮನುಷ್ಯ, ತಿರ್ಯಂಚ (ಪ್ರಾಣಿ, ಸಸ್ಯ ಮುಂತಾದ ಜೀವಗಳು), ನರಕ ಎಂಬ ನಾಲ್ಕು ಗತಿಗಳು, ಅಂದರೆ ಜೀವ ಹುಟ್ಟುವ ನೆಲೆಗಳು. ಮೇಲಿನ ಮೂರು ಚುಕ್ಕಿ ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ, ಅಂದರೆ ಸರಿಯಾದ ನಂಬಿಕೆ, ತಿಳಿವು, ನಡತೆ. ಅದಕ್ಕೂ ಮೇಲೆ ಅರ್ಧಚಂದ್ರ, ಅದು ಸಿದ್ಧಶಿಲೆ, ಮುಕ್ತಿ ಪಡೆದ ಆತ್ಮಗಳ ನೆಲೆ. ಚಿಹ್ನೆಯೇ ಹಂತ ಹಂತವಾಗಿ ಏರುತ್ತದೆ, ಪದರ ಗಾಜಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಸ್ವಸ್ತಿಕ ಹಿಂದಿನ ಪದರದಲ್ಲಿರಲಿ, ಚಂದ್ರ ಎಲ್ಲಕ್ಕಿಂತ ಮುಂದೆ ಬರಲಿ.

ಮಾಡುವವರನ್ನು ಒಂದು ಮಾತು ಕೇಳಿ: ಕುಲುಮೆಯಲ್ಲಿ ಬೆಸೆಯುತ್ತೀರಾ, ಸುಮ್ನೆ ಫ್ರೇಮಿಗೆ ಜೋಡಿಸುತ್ತೀರಾ? ಬೆಸೆಯುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಲ್ಲ ಪದರವೂ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವ ಗಾಜಾಗಿರಬೇಕು, ಆಮೇಲೆ ನಿಧಾನವಾಗಿ ತಣಿಸಬೇಕು. ಇಲ್ಲದಿದ್ದರೆ ಎಷ್ಟೋ ದಿನದ ಮೇಲೂ ಬಿರುಕು ಬಿಡಬಹುದು. ಸರಿಯಾಗಿ ಬೆಸೆದ ಪದರಗಳ ನಡುವೆ ತೇವ ಹೋಗುವುದಿಲ್ಲ. ಬಿಡಿ ಪದರಗಳಾದರೆ ನಮ್ಮ ಜುಲೈ ಮಳೆಗೆ ಒಳಗೆ ಮಂಜು ಕಟ್ಟಿ, ಹಿಂದಿನ ಹಲಗೆಗೆ ಬೂಷ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಬಿಸಿಲು ಅಪರೂಪ, ಹಿಂದೆ ಪುಟ್ಟ ಎಲ್‌ಇಡಿ ಹಾಕಿಸಿ (ಕರೆಂಟ್ ಇದ್ದಾಗ ಉರಿಯಲಿ!). ಸ್ಟ್ಯಾಂಡ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಕಬ್ಬಿಣ ಬೇಡ.