ಮರುಭೂಮಿಯ ಗಣಿ ಹತ್ತಲು ಎಷ್ಟು ನೀರು ಬೇಕು?

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮಾರ್ಚ್‌ನಲ್ಲಿ ಹೋದಾಗ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಲಾಸ್ಟ್ ಹಾರ್ಸ್ ಎಂಬ ಪಾಳು ಚಿನ್ನದ ಗಣಿಗೆ ನಡೆಸಿಕೊಂಡು ಹೋಗುತ್ತಾನಂತೆ. ನನಗೆ 58 ವರ್ಷ. ಯಾಣ ಹತ್ತಿದ್ದೇನೆ. ಇದೂ ಆದೀತಾ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ ಆದೀತು ಅಕ್ಕಾ. ಹೋಗಿ ಬರುವುದು ಸೇರಿ ಸುಮಾರು 6.4 ಕಿ.ಮೀ. ಅಷ್ಟೇ. ಆದರೆ ಯಾಣದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಮ್ಮ ಕಾಡಿನಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ಎಷ್ಟು ದಣಿದೆವು ಅಂತ ಗೊತ್ತಾಗುತ್ತದೆ. ಅಲ್ಲಿ ಬೆವರು ಬಂದಲ್ಲೇ ಆರಿಹೋಗುತ್ತದೆ. ಕಾರವಾರದವನಿಗೆ ಸೆಖೆ ಹೊಸದಾ ಅಂತ ನಾನು ಒಂದೇ ಬಾಟಲಿ ಹಿಡಿದು ಹೊರಟಿದ್ದೆ. ಅಂಗಿ ಒಣಗಿಯೇ ಇತ್ತು, ಕಾಲರಿನ ಮೇಲೆ ಮಾತ್ರ ಬಿಳೀ ಉಪ್ಪಿನ ಗೆರೆ. ಇಳಿಯುವಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು!

ದಾರಿಯಲ್ಲಿ ನೀರಿಲ್ಲ, ನೆರಳೂ ಇಲ್ಲ. ದಿನಕ್ಕೆ ತಲಾ 4 ಲೀಟರ್ ಇಟ್ಟುಕೊಳ್ಳಿ. ಒಂದು ಬಾಟಲಿಗೆ ಮುರುಗಲು ಸಿಪ್ಪೆ, ಉಪ್ಪು ಹಾಕಿ. ಬೆಳಿಗ್ಗೆ ಬೇಗ ಹೊರಡಿ. ಮೊಬೈಲ್ ನಂಬಬೇಡಿ.

ಮೇಲೆ ಇರುವುದು ಹತ್ತು ಒನಕೆಯ ಗಿರಣಿ. ಅವಲಕ್ಕಿ ಕುಟ್ಟಿದ ಹಾಗೆ ಕಬ್ಬಿಣದ ಒನಕೆಗಳು ಎದ್ದು ಬಿದ್ದು ಕಲ್ಲನ್ನು ಪುಡಿ ಮಾಡುತ್ತಿದ್ದವು. ಆ ಪುಡಿಯಲ್ಲಿನ ಚಿನ್ನವನ್ನು ಪಾದರಸ ಹಿಡಿದಿಡುತ್ತಿತ್ತು. 1894ರಿಂದ 1931ರೊಳಗೆ ಇಲ್ಲಿ ಸಿಕ್ಕಿದ್ದು 10,000 ಔನ್ಸಿಗೂ ಜಾಸ್ತಿ, ಅಂದರೆ 300 ಕಿಲೋ ದಾಟಿತು. ಒಂದು ಗುಡ್ಡದ ಹೊಟ್ಟೆಯಿಂದ ಅಷ್ಟು ಬಂತು ಅಂದರೆ ನಂಬೋದು ಕಷ್ಟ, ಅಲ್ವಾ?

ಗಿರಣಿಗೆ ಬೇಲಿ ಹಾಕಿದ್ದಾರೆ. ಹಳೇ ಗಣಿ, ನೆಲದಡಿ ಟೊಳ್ಳು. ಫೋಟೋಕ್ಕೆ ಇನ್ನೂ ಹತ್ತಿರ ಬಾ ಅಂತ ಮಗ ಕರೆದರೆ ಎರಡು ಬೈದುಬಿಡಿ.